ಬೆಳೆಗೆ ಔಷಧಿ, ಹೂವಿಗೆ ಜೇನು

ಗದಗ ಜಿಲ್ಲೆಯ ಗಜೇಂದ್ರಗಡ, ರೋಣ, ನರಗುಂದ ತಾಲ್ಲೂಕುಗಳಲ್ಲಿ ಎರೆ ನೆಲವೂ ಇದೆ, ಮಸಾರಿಯೂ ಇದೆ. ಮುಂಗಾರಿಗೆ ಹೆಸರು, ಗೋವಿನಜೋಳ, ಸಜ್ಜೆ, ಶೇಂಗಾ, ಉಳ್ಳಾಗಡ್ಡಿ ಬಿತ್ತುತ್ತಾರೆ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ, ಗೋಧಿ. ಇವುಗಳ ನಡುವೆ ಸೂರ್ಯಕಾಂತಿ, ಹತ್ತಿ, ಮೆಣಸಿನಕಾಯಿ. ಈ ಹೊಲಗಳಿಗೆ ಹೊಡೆಯುವ ಕೀಟನಾಶಕಗಳ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ಔಷಧಿ ಇಲ್ಲದಿದ್ದರೆ ಬೆಳೆ ಕೈಗೆ ಬರುವುದಿಲ್ಲ ಎನ್ನುವುದು ಒಂದು. ಔಷಧಿಯಿಂದ ಜೇನು, ದುಂಬಿಗಳು ಸಾಯುತ್ತಿವೆ, ಅವು ಹೋದರೆ ಬೆಳೆಯೂ ಹೋಗುತ್ತದೆ ಎನ್ನುವುದು ಇನ್ನೊಂದು. ಎರಡನ್ನೂ ಹೇಳುವವರು ಅನುಭವದಿಂದಲೇ ಹೇಳುತ್ತಾರೆ. ಆದ್ದರಿಂದ ಯಾರದು ಸುಳ್ಳು ಎಂದು ಕೇಳುವುದಕ್ಕಿಂತ, ಯಾರ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ ಎಂದು ನೋಡುವುದು ಹೆಚ್ಚು ಉಪಯುಕ್ತ.

ವಾದದ ನಡುವೆ ಇರುವುದು ಮುಖ್ಯವಾಗಿ ನಿಯೋನಿಕೋಟಿನಾಯ್ಡ್ ಎಂಬ ಕೀಟನಾಶಕಗಳ ಗುಂಪು. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಕ್ಲೋಥಿಯಾನಿಡಿನ್ ಈ ಗುಂಪಿಗೆ ಸೇರಿದವು. ಇಮಿಡಾಕ್ಲೋಪ್ರಿಡ್ 1990ರ ದಶಕದ ಆರಂಭದಲ್ಲಿ ಮಾರುಕಟ್ಟೆಗೆ ಬಂತು. ಇವು ಕೀಟದ ನರಮಂಡಲವನ್ನು ಕೆಡಿಸುತ್ತವೆ. ನೀರಿನಲ್ಲಿ ಕರಗಿ, ಬೇರಿನಿಂದ ಏರಿ, ಗಿಡದ ಪ್ರತಿ ಭಾಗಕ್ಕೂ ಹರಡುತ್ತವೆ. ಅದಕ್ಕಾಗಿಯೇ ಬೀಜಕ್ಕೆ ಲೇಪಿಸಿದರೆ ಸಾಕು, ಎಳೆಯ ಗಿಡ ರಸ ಹೀರುವ ಕೀಟಗಳಿಂದ ಕೆಲವು ವಾರ ಸುರಕ್ಷಿತವಾಗಿರುತ್ತದೆ. ಅದೇ ಗುಣದಿಂದಾಗಿ ಹೂವಿನ ಪರಾಗಕ್ಕೂ ಮಕರಂದಕ್ಕೂ ಅಲ್ಪ ಪ್ರಮಾಣದಲ್ಲಿ ಸೇರಬಲ್ಲವು. ಇವುಗಳ ಉಪಯೋಗಕ್ಕೂ ಅಪಾಯಕ್ಕೂ ಇರುವುದು ಒಂದೇ ಕಾರಣ.

ಜೇನಿನ ಪರವಾಗಿ ಮಾತಾಡುವವರ ಕೈಯಲ್ಲಿ ಗಟ್ಟಿಯಾದ ಅಧ್ಯಯನಗಳಿವೆ. ಈ ಕೀಟನಾಶಕಗಳಲ್ಲಿ ಕೆಲವು ಜೇನನ್ನು ಕೊಲ್ಲುವ ಪ್ರಮಾಣವನ್ನು ನ್ಯಾನೊಗ್ರಾಂಗಳಲ್ಲಿ, ಅಂದರೆ ಗ್ರಾಮಿನ ಶತಕೋಟಿಯ ಪಾಲಿನಲ್ಲಿ, ಲೆಕ್ಕ ಹಾಕಬೇಕಾಗುತ್ತದೆ. ಕೊಲ್ಲದಷ್ಟು ಕಡಿಮೆ ಪ್ರಮಾಣವೂ ನಿರಪಾಯವಲ್ಲ. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಬಂಬಲ್‌ಬೀ ಎಂಬ ರೋಮಭರಿತ ದೊಡ್ಡ ದುಂಬಿಗಳ ಗೂಡುಗಳಿಗೆ, ಹೊಲದಲ್ಲಿ ಸಿಗಬಹುದಾದ ಮಟ್ಟದ ಇಮಿಡಾಕ್ಲೋಪ್ರಿಡ್ ಉಣಿಸಿ ನೋಡಿದರು. ಆ ಗೂಡುಗಳಲ್ಲಿ ಹುಟ್ಟಿದ ಹೊಸ ರಾಣಿಗಳ ಸಂಖ್ಯೆ ಶೇ 85ರಷ್ಟು ಕುಸಿದಿತ್ತು. ಅದೇ ವರ್ಷ ಫ್ರಾನ್ಸಿನಲ್ಲಿ, ಥಯಾಮೆಥಾಕ್ಸಾಮ್ ಸೇವಿಸಿದ ಜೇನುಗಳಲ್ಲಿ ಹಲವು ಗೂಡಿಗೆ ಮರಳುವ ದಾರಿ ತಪ್ಪುತ್ತವೆ ಎಂಬುದು ತಿಳಿಯಿತು. 2015ರಲ್ಲಿ ಪ್ರಕಟವಾದ, ಸ್ವೀಡನ್ನಿನ ನಿಜವಾದ ಹೊಲಗಳಲ್ಲೇ ನಡೆದ ಪ್ರಯೋಗದಲ್ಲಿ, ಲೇಪಿತ ಬೀಜ ಬಿತ್ತಿದ ಹೊಲಗಳ ಪಕ್ಕದ ಬಂಬಲ್‌ಬೀ ಗೂಡುಗಳು ಬೆಳೆಯಲಿಲ್ಲ, ಕಾಡು ದುಂಬಿಗಳೂ ಕಡಿಮೆಯಾದವು. ಇಂಥ ಪುರಾವೆಗಳನ್ನು ಮುಂದಿಟ್ಟುಕೊಂಡು ಯುರೋಪಿಯನ್ ಒಕ್ಕೂಟ 2013ರಲ್ಲಿ ಮೂರು ನಿಯೋನಿಕೋಟಿನಾಯ್ಡ್‌ಗಳಿಗೆ ಮಿತಿ ಹೇರಿತು, 2018ರಲ್ಲಿ ಬಯಲು ಹೊಲಗಳಲ್ಲಿ ಅವುಗಳ ಬಳಕೆಯನ್ನೇ ನಿಷೇಧಿಸಿತು.

ಆದರೆ ಈ ಪುರಾವೆಯನ್ನು ಹಾಗೇ ಎತ್ತಿ ಗಜೇಂದ್ರಗಡಕ್ಕೆ ತಂದಿಡುವುದು ಸರಿಯಲ್ಲ ಎಂಬ ಪ್ರತಿವಾದಕ್ಕೂ ತೂಕವಿದೆ. ಸ್ವೀಡನ್ನಿನ ಅದೇ ಪ್ರಯೋಗದಲ್ಲಿ ಸಾಕಿದ ಜೇನಿನ ಗೂಡುಗಳಿಗೆ ಗಣನೀಯ ಹಾನಿ ಕಂಡಿರಲಿಲ್ಲ. 2017ರಲ್ಲಿ ಪ್ರಕಟವಾದ, ಮೂರು ದೇಶಗಳಲ್ಲಿ ಒಟ್ಟಿಗೆ ನಡೆದ ದೊಡ್ಡ ಅಧ್ಯಯನದಲ್ಲಿ ಹಂಗೇರಿ ಮತ್ತು ಬ್ರಿಟನ್ನಿನಲ್ಲಿ ಜೇನಿಗೆ ಕೆಡುಕಾದರೆ, ಜರ್ಮನಿಯಲ್ಲಿ ಹಾಗಾಗಲಿಲ್ಲ. ಸುತ್ತ ಬೇರೆ ಹೂವುಗಳಿವೆಯೇ, ಗೂಡು ಆರೋಗ್ಯವಾಗಿದೆಯೇ ಎಂಬುದರ ಮೇಲೆ ಫಲಿತಾಂಶ ಬದಲಾಯಿತು. ಬಂಬಲ್‌ಬೀ ಹಿಮಾಲಯದಂಥ ತಂಪು ಸೀಮೆಯ ಜೀವಿ, ನಮ್ಮ ಬಿಸಿಲ ಬಯಲಿನದಲ್ಲ. ಇಲ್ಲಿರುವವು ಹೆಜ್ಜೇನು, ಕೋಲುಜೇನು, ತುಡುವೆ, ಮುಜಂಟಿ, ಮಾಳಿಗೆ ಮನೆಯ ಜಂತಿಯನ್ನೂ ಒಣ ಮರವನ್ನೂ ಕೊರೆದು ಗೂಡು ಮಾಡುವ ಬಡಗಿ ದುಂಬಿ, ಮಣ್ಣಿನಲ್ಲಿ ಬಿಲ ತೋಡುವ ಒಂಟಿ ಜೇನುಗಳು. ಅವುಗಳ ಬದುಕಿನ ಕ್ರಮ ಬೇರೆ, ಇಲ್ಲಿನ ಬಿಸಿಲು ಮಳೆ ಬೇರೆ, ಮಣ್ಣೂ ಬೇರೆ.

ಇನ್ನೂ ಒಂದು ವಿಚಾರವನ್ನು ರೈತರ ಪರ ವಾದಿಸುವವರು ನ್ಯಾಯವಾಗಿಯೇ ಎತ್ತುತ್ತಾರೆ. ಜೇನಿಲ್ಲದಿದ್ದರೆ ಅನ್ನವೇ ಇಲ್ಲ ಎಂಬ ಘೋಷಣೆ ಈ ಸೀಮೆಗೆ ಪೂರ್ತಿ ಹೊಂದುವುದಿಲ್ಲ. ಜೋಳ, ಗೋವಿನಜೋಳ, ಸಜ್ಜೆಗಳ ಪರಾಗ ಗಾಳಿಯಲ್ಲಿ ಹೋಗುತ್ತದೆ. ಗೋಧಿ, ಹೆಸರು, ಕಡಲೆ, ಶೇಂಗಾ ಬಹುಮಟ್ಟಿಗೆ ತಮ್ಮ ಹೂವಿನಲ್ಲೇ ತಾವು ಕಾಯಿ ಕಟ್ಟುತ್ತವೆ. ಇಲ್ಲಿನ ಊಟದ ತಟ್ಟೆಯಲ್ಲಿರುವ ರೊಟ್ಟಿಗೂ ಬೇಳೆಗೂ ಜೇನಿನ ಋಣ ಕಡಿಮೆ. ಅಂಥ ಬೆಳೆಗಳ ಮೇಲೆ ಜೇನಿನ ಹೆಸರಿನಲ್ಲಿ ನಿರ್ಬಂಧ ಹೇರಿದರೆ ರೈತನಿಗೆ ಅದು ಅರ್ಥವಾಗದ ಶಿಕ್ಷೆಯಂತೆ ಕಾಣುತ್ತದೆ.

ಇದಕ್ಕೆ ಉತ್ತರವೂ ಅದೇ ತಟ್ಟೆಯಲ್ಲಿದೆ. ರೊಟ್ಟಿಯ ಜೊತೆ ಬರುವ ಗುರೆಳ್ಳು ಚಟ್ನಿಯ ಗುರೆಳ್ಳು ತನ್ನದೇ ಪರಾಗದಿಂದ ಸರಿಯಾಗಿ ಕಾಳು ಕಟ್ಟದು. ಅದಕ್ಕೆ ಜೇನು ಬೇಕೇ ಬೇಕು. ಸವತೆ, ಹೀರೆಗಳಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಉಳ್ಳಾಗಡ್ಡಿ ಬೆಳೆಯಲು ಜೇನು ಬೇಡ, ಆದರೆ ಮುಂದಿನ ವರ್ಷದ ಉಳ್ಳಾಗಡ್ಡಿ ಬೀಜ ಕಟ್ಟಲು ಬೇಕು. ಕುಸುಬಿ, ತೊಗರಿ, ಹತ್ತಿಗಳಿಗೆ ಜೇನು ಬಂದರೆ ಲಾಭವೇ. ಎಲ್ಲಕ್ಕಿಂತ ಮುಖ್ಯವಾಗಿ ಸೂರ್ಯಕಾಂತಿ: ಸಂಕರಣ ತಳಿಗಳು ಹಳೆಯ ತಳಿಗಳಿಗಿಂತ ಸ್ವಲ್ಪ ಸ್ವಾವಲಂಬಿಯಾಗಿದ್ದರೂ, ಜೇನು ಓಡಾಡಿದ ಹೊಲದಲ್ಲಿ ಜೊಳ್ಳು ಕಡಿಮೆ, ಗಟ್ಟಿ ಕಾಳು ಹೆಚ್ಚು. ಗೋವಿನಜೋಳಕ್ಕೆ ಜೇನು ಬೇಡವಾದರೂ ಜೇನಿಗೆ ಗೋವಿನಜೋಳದ ಪರಾಗ ಬೇಕು. 2008ರಲ್ಲಿ ಜರ್ಮನಿಯ ನೈಋತ್ಯ ಭಾಗದಲ್ಲಿ ಗೋವಿನಜೋಳ ಬಿತ್ತುವಾಗ, ಬೀಜದ ಲೇಪ ಧೂಳಾಗಿ ಹಾರಿ ಹನ್ನೊಂದು ಸಾವಿರಕ್ಕೂ ಹೆಚ್ಚು ಜೇನುಗೂಡುಗಳು ಪೆಟ್ಟು ತಿಂದವು. ಒಂದು ಬೆಳೆಗೆ ಹಾಕಿದ್ದು ಆ ಬೆಳೆಯಲ್ಲೇ ನಿಲ್ಲುತ್ತದೆ ಎಂಬ ಖಾತರಿಯಿಲ್ಲ.

ಸೂರ್ಯಕಾಂತಿಯ ವಿಷಯದಲ್ಲಿ ಎರಡೂ ವಾದಗಳು ಮುಖಾಮುಖಿಯಾಗುವುದರಿಂದ ಅದರ ಹಿನ್ನೆಲೆ ತಿಳಿಯುವುದು ಒಳ್ಳೆಯದು. ಅಮೆರಿಕ ಖಂಡದಲ್ಲಿ ಹುಟ್ಟಿದ ಈ ಗಿಡ ಎಣ್ಣೆ ಬೆಳೆಯಾಗಿ ರೂಪುಗೊಂಡದ್ದು ರಷ್ಯಾದಲ್ಲಿ. ಅಲ್ಲಿನ ಆರ್ಥಡಾಕ್ಸ್ ಚರ್ಚಿನ ದೀರ್ಘ ಉಪವಾಸಗಳಲ್ಲಿ ಬೆಣ್ಣೆ, ಕೊಬ್ಬು ನಿಷಿದ್ಧ. ಪಾದ್ರಿಗಳೂ ಭಕ್ತರೂ ಪಾಲಿಸುತ್ತಿದ್ದ ಈ ವ್ರತದಿಂದ ಸಸ್ಯದ ಎಣ್ಣೆಗೆ ಬೇಡಿಕೆ ಬೆಳೆಯಿತು. 1829ರಲ್ಲಿ ಅಲೆಕ್ಸೆಯೆವ್ಕಾ ಎಂಬ ಊರಿನ ಜೀತದಾಳು ಡೇನಿಯಲ್ ಬೊಕಾರೆವ್ ಸೂರ್ಯಕಾಂತಿ ಬೀಜದಿಂದ ಎಣ್ಣೆ ತೆಗೆದ. ಮುಂದೆ ಕ್ರಾಸ್ನೊದಾರ್‌ನ ತಳಿ ವಿಜ್ಞಾನಿ ವಿ.ಎಸ್. ಪುಸ್ತೊವೊಯ್ತ್ ದಶಕಗಳ ಕಾಲ ಆಯ್ಕೆ ಮಾಡಿ ಮಾಡಿ, ಬೀಜದಲ್ಲಿನ ಎಣ್ಣೆಯ ಪಾಲನ್ನು ಮೂರನೇ ಒಂದರ ಆಸುಪಾಸಿನಿಂದ ಅರ್ಧದ ಹತ್ತಿರಕ್ಕೆ ಏರಿಸಿದರು. ಆ ಸೋವಿಯತ್ ತಳಿಗಳು 1969ರಲ್ಲಿ ಭಾರತಕ್ಕೆ ಬಂದವು. ಕರ್ನಾಟಕ ಅವುಗಳ ದೊಡ್ಡ ನೆಲೆಯಾಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬಿಎಸ್‌ಎಚ್‌-1, ಕೆಬಿಎಸ್‌ಎಚ್‌-1 ಸಂಕರಣ ತಳಿಗಳನ್ನು ಕೊಟ್ಟಿತು. 1990ರ ದಶಕದ ನಡುವಿಗೆ ಬರುವ ಮೊದಲೇ ದೇಶದಲ್ಲಿ ಸೂರ್ಯಕಾಂತಿ 25 ಲಕ್ಷ ಹೆಕ್ಟೇರ್ ದಾಟಿತ್ತು. ಈಗ ಅದು ಕೆಲವೇ ಲಕ್ಷಕ್ಕೆ ಇಳಿದಿದೆ. ನಾವು ಸೂರ್ಯಕಾಂತಿ ಎಣ್ಣೆಗಾಗಿ ಉಕ್ರೇನ್, ರಷ್ಯಾಗಳ ಕಡೆ ನೋಡುತ್ತೇವೆ. 2022ರಲ್ಲಿ ಅಲ್ಲಿ ಯುದ್ಧ ಶುರುವಾದಾಗ ಇಲ್ಲಿನ ಅಡುಗೆಮನೆಗೂ ಬಿಸಿ ತಟ್ಟಿತು.

ಈ ಕುಸಿತಕ್ಕೆ ಬೆಲೆ, ಆಮದು, ಬರ ಹೀಗೆ ಹಲವು ಕಾರಣಗಳಿವೆ. ಅವುಗಳಲ್ಲಿ ಒಂದು ರೋಗ. 1997ರಲ್ಲಿ ಆಗಿನ ಕೋಲಾರ ಜಿಲ್ಲೆಯ ಬಾಗೇಪಲ್ಲಿಯ ಕಡೆ ಸೂರ್ಯಕಾಂತಿ ಗಿಡಗಳು ಸುಟ್ಟಂತೆ ಒಣಗಿ, ಹೂವು ತಿರುಚಿಕೊಳ್ಳತೊಡಗಿದವು. ನೆಕ್ರೋಸಿಸ್ ಎಂದು ಕರೆಯಲಾದ ಈ ನಂಜುರೋಗ ಬೇಗನೆ ದಕ್ಷಿಣದ ರಾಜ್ಯಗಳಿಗೆ ಹಬ್ಬಿತು. ಅದನ್ನು ಹರಡುವುದು ಥ್ರಿಪ್ಸ್ ನುಸಿ. ರೋಗ ಹತ್ತಿದ ಗಿಡಕ್ಕೆ ಮದ್ದಿಲ್ಲ. ಎಳೆಯ ಗಿಡಕ್ಕೆ ನುಸಿ ತಾಗದಂತೆ ನೋಡಿಕೊಳ್ಳಬೇಕು. ವಿಜ್ಞಾನಿಗಳು ಸೂಚಿಸಿದ ದಾರಿಗಳಲ್ಲಿ ಮುಖ್ಯವಾದದ್ದು ಇಮಿಡಾಕ್ಲೋಪ್ರಿಡ್‌ನಿಂದ ಬೀಜೋಪಚಾರ. ಹೀಗೆ ಯಾವ ಬೆಳೆಗೆ ಜೇನು ಅತಿ ಹೆಚ್ಚು ಬೇಕೋ, ಅದೇ ಬೆಳೆಯನ್ನು ಉಳಿಸಲು ಜೇನಿಗೆ ಅಪಾಯಕಾರಿಯಾದ ಔಷಧಿಯೂ ಬೇಕಾಯಿತು. ರೈತರ ಪಕ್ಷದ ಅತ್ಯಂತ ಬಲವಾದ ವಾದ ಇದು. ಹೆಸರಿನ ಹಳದಿ ನಂಜುರೋಗವನ್ನು ಹರಡುವ ಬಿಳಿನೊಣ, 2018ರಲ್ಲಿ ಶಿವಮೊಗ್ಗದಲ್ಲಿ ದೇಶದಲ್ಲೇ ಮೊದಲಿಗೆ ಕಂಡ ಗೋವಿನಜೋಳದ ಸೈನಿಕ ಹುಳು, 2021ರಲ್ಲಿ ಮೆಣಸಿನಕಾಯಿ ಹೊಲಗಳನ್ನು ಹಾಳುಗೆಡವಿದ ಹೊಸ ಕಪ್ಪು ನುಸಿ: ಒಂದರ ಹಿಂದೆ ಒಂದು ಬಂದ ಈ ಪೀಡೆಗಳ ಎದುರು, ಸಾಲ ಮಾಡಿ ಬಿತ್ತಿದವನಿಗೆ ಕೈಕಟ್ಟಿ ಕೂರು ಎಂದು ಹೇಳಲಾಗದು.

ರೈತರ ಪರ ವಾದಿಸುವವರು ಹೇಳುವ ಇನ್ನೊಂದು ಮಾತು ಮನುಷ್ಯರ ಜೀವದ್ದು. ನಿಯೋನಿಕೋಟಿನಾಯ್ಡ್‌ಗಳಿಗೆ ಮೊದಲು ಇದ್ದ ಮೊನೊಕ್ರೊಟೊಫಾಸ್‌ನಂಥ ಔಷಧಿಗಳು ಹೊಡೆಯುವವರನ್ನೇ ಬಲಿ ತೆಗೆದುಕೊಳ್ಳುತ್ತಿದ್ದವು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಔಷಧಿ ಹೊಡೆಯುವಾಗ ವಿಷವೇರಿ ರೈತರು, ಕೂಲಿಕಾರರು ಸತ್ತದ್ದು ದೇಶವನ್ನೇ ಕಲಕಿತ್ತು. 2023ರಲ್ಲಿ ಕೇಂದ್ರ ಸರ್ಕಾರ ಮೊನೊಕ್ರೊಟೊಫಾಸ್ ವಿರುದ್ಧ ಕ್ರಮ ಕೈಗೊಂಡಿತು. ಬೀಜಕ್ಕೆ ಲೇಪಿಸಿದ ಔಷಧಿ ಬೆನ್ನ ಮೇಲೆ ಪಂಪು ಹೊತ್ತು ಮೈಮುಖಕ್ಕೆ ಬೀಳುವ ಔಷಧಿಗಿಂತ ಕೂಲಿಕಾರನಿಗೆ ಕಡಿಮೆ ಅಪಾಯಕಾರಿ. ಜೇನನ್ನು ಉಳಿಸಲು ಹೋಗಿ ರೈತನನ್ನು ಹಳೆಯ, ಹೆಚ್ಚು ಕ್ರೂರ ವಿಷಗಳ ಕಡೆ ತಳ್ಳಿದರೆ ಅದು ಗೆಲುವಲ್ಲ.

ಆದರೆ ಬೇಕಾದಾಗ ಬಳಸುವುದು ಬೇರೆ, ಬೇಕಿರಲಿ ಬಿಡಲಿ ಬಳಸುವುದು ಬೇರೆ ಎಂದು ಎದುರು ಪಕ್ಷ ನೆನಪಿಸುತ್ತದೆ. ಹತ್ತಿಯಂಥ ಬೆಳೆಯ ಸಂಕರಣ ಬೀಜ ಅಂಗಡಿಗೆ ಬರುವಾಗಲೇ ಬಣ್ಣದ ಲೇಪ ಹಚ್ಚಿಕೊಂಡು ಬರುತ್ತದೆ. ಲೇಪವಿಲ್ಲದ ಬೀಜ ಕೇಳಿದರೆ ಸಿಗುವುದು ಕಷ್ಟ. ಕೀಟ ಬರುವ ಮೊದಲೇ, ಬರುತ್ತದೋ ಇಲ್ಲವೋ ಗೊತ್ತಿಲ್ಲದಿರುವಾಗಲೇ, ಪ್ರತಿ ಹೊಲಕ್ಕೂ ಔಷಧಿ ಬಿದ್ದಿರುತ್ತದೆ. ಹೀಗೆ ಒಂದೇ ಔಷಧಿಯನ್ನು ಸದಾ ಬಳಸಿದರೆ ಕೀಟಕ್ಕೆ ಅದು ಒಗ್ಗಿಹೋಗುತ್ತದೆ, ಕೀಟವನ್ನು ತಿನ್ನುವ ಗುಲಗಂಜಿ ಹುಳುವಿನಂಥ ಮಿತ್ರಜೀವಿಗಳು ಮೊದಲು ಸಾಯುತ್ತವೆ. 2015ರಲ್ಲಿ ಪಂಜಾಬಿನ ಹತ್ತಿಯನ್ನು ಬಿಳಿನೊಣ ನುಂಗಿದಾಗ, ಮತ್ತೆ ಮತ್ತೆ ಹೊಡೆದ ಔಷಧಿ ಬೆಳೆಯನ್ನು ಉಳಿಸಲಿಲ್ಲ. ಔಷಧಿ ಡಬ್ಬಿಯ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನವೂ ಇಲ್ಲಿ ದಾರಿ ತಪ್ಪಿಸಬಹುದು. ಅದು ಹೇಳುವುದು ಮನುಷ್ಯರಿಗೆ ಎಷ್ಟು ವಿಷ ಎಂಬುದನ್ನು ಮಾತ್ರ. ಹಸಿರು ತ್ರಿಕೋನದ ಔಷಧಿ ಜೇನಿಗೂ ಹಸಿರು ಎಂದು ಅರ್ಥವಲ್ಲ.

ಪುರಾವೆ ಪೂರ್ಣವಾಗುವವರೆಗೆ ಕಾಯಬೇಕೇ ಎಂಬ ಪ್ರಶ್ನೆಗೆ ಕನ್ನಡಿಗರ ಅನುಭವದಲ್ಲೇ ಒಂದು ಕಹಿ ಉತ್ತರವಿದೆ. ಕಾಸರಗೋಡು ಜಿಲ್ಲೆಯ ಪಡ್ರೆಯ ಆಸುಪಾಸಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಹೊಡೆಯುತ್ತಿದ್ದರು. ಅಂಗವೈಕಲ್ಯದಿಂದ ಹುಟ್ಟುತ್ತಿದ್ದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ ಬರೆದದ್ದು 1979ರಲ್ಲಿ. ಜೇನು, ಮೀನು, ಕಪ್ಪೆಗಳು ಇಲ್ಲವಾಗುತ್ತಿವೆ ಎಂದು ಹಳ್ಳಿಯವರು ಹೇಳುತ್ತಿದ್ದರು. ಜನರ ಕಾಯಿಲೆಗಳ ಕಡೆ ವೈದ್ಯ ಡಾ. ವೈ.ಎಸ್. ಮೋಹನಕುಮಾರ್ ಗಮನ ಸೆಳೆದರು. ಸುಪ್ರೀಂ ಕೋರ್ಟ್ ದೇಶದಾದ್ಯಂತ ಎಂಡೋಸಲ್ಫಾನ್‌ಗೆ ತಡೆ ನೀಡಿದ್ದು 2011ರ ಮೇ ತಿಂಗಳಿನಲ್ಲಿ. ಮೊದಲ ಎಚ್ಚರಿಕೆಗೂ ಆ ಆದೇಶಕ್ಕೂ ನಡುವೆ ಮೂರು ದಶಕ. ಕಂಡವರ ಮಾತನ್ನು, ಅಳತೆಯಾಗಿಲ್ಲ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕಿದರೆ ತೆರಬೇಕಾದ ಬೆಲೆ ಇಷ್ಟು ದೊಡ್ಡದಾಗಬಹುದು.

ಆದರೂ ಪಡ್ರೆಯನ್ನು ತೋರಿಸಿ ಎಲ್ಲ ಕೀಟನಾಶಕಗಳಿಗೂ ಅದೇ ತೀರ್ಪು ಕೊಡಲಾಗದು. ಮನೆ, ಹಳ್ಳ, ಬಾವಿಗಳ ಮೇಲೆ ಆಕಾಶದಿಂದ ವಿಷ ಸುರಿಯುವುದಕ್ಕೂ, ನಾಲ್ಕೆಕರೆ ಎರೆ ಹೊಲದಲ್ಲಿ ಉಪಚರಿಸಿದ ಬೀಜ ಬಿತ್ತುವುದಕ್ಕೂ ವ್ಯತ್ಯಾಸವಿದೆ. ಜೇನು ಕಡಿಮೆಯಾದದ್ದಕ್ಕೆ ಔಷಧಿಯೊಂದೇ ಕಾರಣವೂ ಅಲ್ಲ. 1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ಸಾಕಿದ ತುಡುವೆ ಗೂಡುಗಳಲ್ಲಿ ಬಹುಪಾಲನ್ನು ನಾಶಮಾಡಿತು. ಬದುವಿನ ಮರಗಳು ಹೋದವು, ಜೋಳದ ನಡುವೆ ಅಕ್ಕಡಿ ಸಾಲು ಹಾಕುವ ರೂಢಿ ಕ್ಷೀಣಿಸಿತು, ಮೈಲಿಗಟ್ಟಲೆ ಒಂದೇ ಬೆಳೆ ಬಂತು. ಅದು ಹೂ ಬಿಡುವ ಕೆಲವು ವಾರ ಬಿಟ್ಟರೆ ಜೇನಿಗೆ ಮೇವಿಲ್ಲ. ಔಷಧಿಯನ್ನು ನಾಳೆಯೇ ನಿಲ್ಲಿಸಿದರೂ ಈ ಕಾರಣಗಳು ಉಳಿದೇ ಇರುತ್ತವೆ. ಆತುರದ ನಿಷೇಧ ಏನು ಮಾಡೀತೆಂಬುದಕ್ಕೆ ಶ್ರೀಲಂಕಾ ಸಾಕ್ಷಿ: 2021ರಲ್ಲಿ ಅಲ್ಲಿನ ಸರ್ಕಾರ ರಾಸಾಯನಿಕ ಗೊಬ್ಬರ, ಕೀಟನಾಶಕಗಳ ಆಮದನ್ನು ದಿಢೀರನೆ ನಿಲ್ಲಿಸಿ, ಇಳುವರಿ ಕುಸಿದು ರೈತರು ಬೀದಿಗಿಳಿದ ಮೇಲೆ ಅದೇ ವರ್ಷ ಹಿಂದೆ ಸರಿಯಿತು.

ಸೂರ್ಯಕಾಂತಿಯನ್ನು ಕೊಟ್ಟ ರಷ್ಯಾದ ಇತಿಹಾಸದಲ್ಲಿ ಇದಕ್ಕಿಂತ ಕಠೋರವಾದ ಪಾಠವಿದೆ. ಬೆಳೆಗಳ ಮೂಲವನ್ನು ಹುಡುಕುತ್ತ ಜಗತ್ತು ಸುತ್ತಿ ಬೀಜ ಕೂಡಿಸಿದ ನಿಕೊಲಾಯ್ ವಾವಿಲೊವ್, ಅಧಿಕಾರದ ಬೆಂಬಲವಿದ್ದ ಲೈಸೆಂಕೊ ಎಂಬ ಕೃಷಿತಜ್ಞನ ಸಿದ್ಧಾಂತವನ್ನು ಒಪ್ಪಲಿಲ್ಲ. 1940ರಲ್ಲಿ ಬಂಧಿತರಾಗಿ 1943ರಲ್ಲಿ ಸರಾತೊವ್ ಸೆರೆಮನೆಯಲ್ಲಿ ಸತ್ತರು. ಹೊಲದ ಪ್ರಶ್ನೆಗೆ ಉತ್ತರ ಸರ್ಕಾರಿ ಆಜ್ಞೆಯಿಂದ ಮೊದಲೇ ನಿಗದಿಯಾದರೆ ಸೋಲುವುದು ವಿಜ್ಞಾನವೂ ಹೌದು, ರೈತನೂ ಹೌದು. ಹಾಗೆಂದು ನೋಡಿ ಕಲಿತವರ ಜ್ಞಾನ ಕೀಳಲ್ಲ. ಚೌಕಟ್ಟು ಎತ್ತಿ ನೋಡಬಹುದಾದ ಆಧುನಿಕ ಜೇನುಪೆಟ್ಟಿಗೆಯನ್ನು 1850ರ ದಶಕದ ಆರಂಭದಲ್ಲಿ ರೂಪಿಸಿದ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಒಬ್ಬ ಪಾದ್ರಿ. ದಕ್ಷಿಣ ಭಾರತದ ತುಡುವೆಗೆ ಒಪ್ಪುವ ಚಿಕ್ಕ ಪೆಟ್ಟಿಗೆಯನ್ನು 1910ರ ಸುಮಾರಿಗೆ ಮಾಡಿಕೊಟ್ಟ ನ್ಯೂಟನ್ ಕೂಡ ಪಾದ್ರಿಯೇ. ಅವರ ಹೆಸರಿನ ಪೆಟ್ಟಿಗೆ ನಮ್ಮ ಮಲೆನಾಡಿನಲ್ಲೂ ಬಳಕೆಯಾಯಿತು. ತಾಳ್ಮೆಯಿಂದ ನೋಡಿದವರದೂ ಪ್ರಯೋಗಶಾಲೆಯಲ್ಲಿ ಅಳೆದವರದೂ ಒಂದೇ ಜ್ಞಾನದ ಎರಡು ಭಾಗ. ಜೇನು ಸಾಕುವವನ ಮಾತನ್ನೂ ಕೀಟಶಾಸ್ತ್ರಜ್ಞನ ಮಾತನ್ನೂ ಒಟ್ಟಿಗೆ ಇಟ್ಟು ನೋಡಬೇಕಾದದ್ದು ಇದೇ ಕಾರಣಕ್ಕೆ.

ಹೀಗೆ ತೂಗಿದಾಗ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಈ ಔಷಧಿಗಳು ಜೇನಿಗೆ ವಿಷ ಎಂಬುದರಲ್ಲಿ ಸಂದೇಹವಿಲ್ಲ; ಯಾವ ಹೊಲದಲ್ಲಿ, ಯಾವ ಕಾಲದಲ್ಲಿ, ಎಷ್ಟು ಹಾನಿ ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ. ನೆಕ್ರೋಸಿಸ್‌ನಂಥ ರೋಗದ ಎದುರು ಬೀಜೋಪಚಾರ ರೈತನಿಗೆ ನಿಜವಾದ ಆಸರೆ ಎಂಬುದೂ ಅಷ್ಟೇ ನಿಜ. ಆದ್ದರಿಂದ ಯುರೋಪಿನ ನಿಷೇಧವನ್ನು ಇಲ್ಲಿಗೆ ಹಾಗೇ ತರುವುದು ಸದ್ಯಕ್ಕೆ ವಿವೇಕವೆನಿಸದು; ಈಗಿನ ಕ್ರಮವನ್ನು ಹೀಗೇ ಮುಂದುವರಿಸುವುದೂ ವಿವೇಕವಲ್ಲ.

ನಡುವಿನ ದಾರಿ ಹೂವಿನ ಕಾಲದಿಂದ ಆರಂಭವಾಗಬಹುದು. ಹೂ ಅರಳಿದ ಬೆಳೆಗೆ ಔಷಧಿ ಹೊಡೆಯದಿರುವುದು, ಅನಿವಾರ್ಯವಾದರೆ ಜೇನು ಗೂಡು ಸೇರಿದ ಸಂಜೆಯ ನಂತರ ಹೊಡೆಯುವುದು, ಹೂವಿನ ಕಾಲಕ್ಕೆ ಪೆಟ್ಟಿಗೆ ತಂದಿಡುವ ಜೇನು ಸಾಕಣೆದಾರರಿಗೆ ಮೊದಲೇ ತಿಳಿಸುವುದು: ಇವುಗಳಿಂದ ರೈತನಿಗೆ ನಷ್ಟ ಅತ್ಯಲ್ಪ, ಜೇನಿಗೆ ಲಾಭ ದೊಡ್ಡದು. ಎರಡನೆಯದು ಆಯ್ಕೆಯ ಹಕ್ಕು. ರೋಗದ ಅಪಾಯ ಖಚಿತವಾಗಿರುವ ಸೂರ್ಯಕಾಂತಿಗೆ ಉಪಚರಿಸಿದ ಬೀಜ ಇರಲಿ; ಉಳಿದ ಕಡೆ ಉಪಚರಿಸದ ಬೀಜವೂ ರೈತ ಸಂಪರ್ಕ ಕೇಂದ್ರದಲ್ಲಿ, ಅಂಗಡಿಯಲ್ಲಿ ಸಿಗುವಂತಾಗಲಿ. ಮೂರನೆಯದು, ಡಬ್ಬಿಯ ತ್ರಿಕೋನದ ಪಕ್ಕದಲ್ಲೇ ಜೇನಿನ ಅಪಾಯವನ್ನು ಓದುಬಾರದವರಿಗೂ ತಿಳಿಯುವಂತೆ ಚಿತ್ರದಲ್ಲಿ ತೋರಿಸುವುದು. ನಾಲ್ಕನೆಯದು, ಬದುವಿಗೆ ಮರ, ಹೊಲದಂಚಿಗೆ ಗುರೆಳ್ಳಿನ ಸಾಲು; ಇದು ಹಳೆಯ ರೂಢಿಗೆ ಮರಳುವುದಷ್ಟೇ, ಹೊಸ ಖರ್ಚಲ್ಲ.

ಇವೆಲ್ಲದರ ಜೊತೆಗೆ, ಮುಂದಿನ ತೀರ್ಮಾನಗಳಿಗೆ ಆಧಾರವಾಗುವಂತೆ ಈ ನೆಲದ್ದೇ ಲೆಕ್ಕ ಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರವೂ ಇಲ್ಲಿನ ರೈತರ ಹೊಲಗಳಲ್ಲೇ, ಹಲವು ಹಂಗಾಮುಗಳ ಕಾಲ, ಸೂರ್ಯಕಾಂತಿಯ ಪರಾಗದಲ್ಲಿ ಉಳಿಯುವ ಔಷಧಿಯನ್ನೂ ಅಲ್ಲಿಗೆ ಬರುವ ಕೋಲುಜೇನು, ಬಡಗಿ ದುಂಬಿಗಳನ್ನೂ ಕ್ರಮವಾಗಿ ಎಣಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಎಲ್ಲರ ಮುಂದಿಡುವಂತಾಗಬೇಕು. ಆ ಲೆಕ್ಕ ಹಾನಿ ಹೆಚ್ಚೆಂದು ತೋರಿಸಿದರೆ ನಿರ್ಬಂಧವನ್ನು ಹಂತಹಂತವಾಗಿ ಬಿಗಿ ಮಾಡಲು ರೈತರು ಸಿದ್ಧರಿರಬೇಕು. ಕಡಿಮೆಯೆಂದು ತೋರಿಸಿದರೆ ಅದನ್ನು ಒಪ್ಪಲು ಪರಿಸರದ ಪರ ನಿಂತವರೂ ಸಿದ್ಧರಿರಬೇಕು. ಅಲ್ಲಿಯವರೆಗೆ ಅನುಮಾನದ ಲಾಭವನ್ನು ಬೆಳೆ ಎಳೆಯದಾಗಿರುವಾಗ ರೈತನಿಗೆ, ಹೂ ಅರಳಿದಾಗ ಜೇನಿಗೆ ಕೊಡುವುದು ಇಬ್ಬರಿಗೂ ನ್ಯಾಯವೆನಿಸುತ್ತದೆ.